ಮೆದುಳು ಸತ್ತ ಮೇಲೂ ಮಾನಿಟರ್‌ನಲ್ಲಿ ನಾಡಿ 102 ಇತ್ತಲ್ಲ, ಹೇಗೆ?

ಪ್ರಶ್ನೆ: ನನ್ನ ಮೈದುನನಿಗೆ 31 ವರ್ಷ. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿ ಐಸಿಯುನಲ್ಲಿದ್ದ. ಮೊದಲ ದಿನ ಸಂಜೆ ನಾಡಿ 46ಕ್ಕೆ ಇಳಿಯಿತು, ಬಿಪಿ ಮಾತ್ರ 210 ಇತ್ತು. ರಾತ್ರಿ ಇದ್ದಕ್ಕಿದ್ದಂತೆ ನಾಡಿ 160 ದಾಟಿತು. ಇಸಿಜಿಯಲ್ಲಿ ಹಾರ್ಟ್ ಅಟ್ಯಾಕ್ ಥರದ ಬದಲಾವಣೆ ಕಾಣ್ತಿದೆ ಅಂದರು. ಬೆಳಗಿನ ಜಾವ ಬಿಪಿ 70ಕ್ಕೆ ಬಿತ್ತು. ಆಮೇಲೆ ನಾಡಿ 100–102ರಲ್ಲೇ ನಿಂತುಬಿಟ್ಟಿತು. ಅಟ್ರೋಪಿನ್ ಕೊಟ್ಟರೂ ಏರಲಿಲ್ಲ. ಬ್ರೇನ್ ಡೆತ್ ಅಂದರು, ಎರಡು ಸಲ ಪರೀಕ್ಷೆ ಮಾಡಿದರು. ಆದರೆ ವೆಂಟಿಲೇಟರಿನಲ್ಲಿ ಉಸಿರು 14ಕ್ಕೆ ಇಟ್ಟಿದ್ದೇವೆ ಅಂದವರ ಎದುರೇ ಅದು 19 ತೋರಿಸುತ್ತಿತ್ತು. ಒಮ್ಮೆ ಕೈ ಕೂಡ ಎದ್ದಿತು. ಕಿಡ್ನಿ, ಲಿವರ್ ದಾನಕ್ಕೆ ಒಪ್ಪಿದೆವು. ಹೃದಯ ತೆಗೆದುಕೊಳ್ಳಲಿಲ್ಲ. ಈಗ ನೆಂಟರು ‘ಜೀವ ಇದ್ದಾಗಲೇ ಕೊಟ್ಟುಬಿಟ್ಟಿರಿ’ ಎನ್ನುತ್ತಾರೆ. ಅತ್ತೆ ದಿನಾ ಕೇಳುತ್ತಾರೆ: ಇನ್ನೆರಡು ದಿನ ಕಾದಿದ್ದರೆ?

ಉತ್ತರ: ನೀವು ಕೇಳಿರುವುದು ಹಲವು, ಕೊರೆಯುತ್ತಿರುವುದು ಒಂದೇ. ಹೃದಯ ಬಡಿಯುತ್ತಿದ್ದವನನ್ನು ಸತ್ತನೆಂದು ಒಪ್ಪಿ ತಪ್ಪು ಮಾಡಿದೆವೇ ಎಂಬುದು. ನೀವು ಬರೆದಿರುವ 46, 160, ಬಿಪಿ 70, ಆಮೇಲೆ 102 ಎಂಬ ಸಾಲು ಐಸಿಯುನಲ್ಲಿ ಕೆಲಸ ಮಾಡುವವರಿಗೆ ಚೆನ್ನಾಗಿ ಗೊತ್ತಿರುವ ಸಾಲು. ಮೆದುಳು ಮೇಲಿನಿಂದ ಕೆಳಕ್ಕೆ ಸಾಯುತ್ತಾ ಬಂದಾಗ ನಾಡಿ ಹೆಚ್ಚುಕಡಿಮೆ ಹೀಗೇ ನಡೆದುಕೊಳ್ಳುತ್ತದೆ. ಇದರಲ್ಲಿ ಯಾವುದೂ ಬ್ರೇನ್ ಡೆತ್‌ಗೆ ವಿರುದ್ಧವಾದ ಸಾಕ್ಷಿಯಲ್ಲ. ಹಾಗೆಂದು ನಾಡಿ ನೋಡಿ ಯಾರೂ ಸಾವನ್ನು ತೀರ್ಮಾನಿಸುವುದಿಲ್ಲ. ಅದಕ್ಕೆ ಬೇರೆ ಪರೀಕ್ಷೆಗಳಿವೆ, ಅವುಗಳ ದಾಖಲೆ ಆಸ್ಪತ್ರೆಯಲ್ಲಿ ಇರಲೇಬೇಕು. ಅದನ್ನು ನೀವು ಹೇಗೆ ನೋಡಿಕೊಳ್ಳಬಹುದು ಎಂಬುದಕ್ಕೆ ಕೊನೆಯಲ್ಲಿ ಬರುತ್ತೇನೆ.

ಮೊದಲು ಎರಡು ತಪ್ಪು ತಿಳಿವಳಿಕೆಗಳನ್ನು ಬದಿಗಿಡೋಣ. ಹೃದಯವನ್ನು ಮೆದುಳು ಬಡಿಸುತ್ತದೆ ಎನ್ನುವುದು ಒಂದು, ವೆಂಟಿಲೇಟರ್ ಬಡಿಸುತ್ತದೆ ಎನ್ನುವುದು ಇನ್ನೊಂದು. ಎರಡೂ ನಿಜವಲ್ಲ. ಹೃದಯದ ಬಲ ಮೇಲ್ಕೋಣೆಯ ಗೋಡೆಯಲ್ಲಿ ಸೈನಸ್ ನೋಡ್ ಎಂಬ ಪುಟ್ಟ ಜೀವಕೋಶಗಳ ಗುಂಪಿದೆ. ಯಾರ ಅಪ್ಪಣೆಯೂ ಇಲ್ಲದೆ ಅದು ತನ್ನಷ್ಟಕ್ಕೆ ವಿದ್ಯುತ್ ಹುಟ್ಟಿಸುತ್ತದೆ. ಹೃದಯ ಕಸಿಯ ದಿನ ನರಗಳೆಲ್ಲ ತುಂಡಾಗಿರುತ್ತವೆ, ಆದರೂ ಹೊಸ ಎದೆಯಲ್ಲಿ ರಕ್ತ ಹರಿಯುತ್ತಲೇ ಆ ಹೃದಯ ಬಡಿಯತೊಡಗುತ್ತದೆ. ವೆಂಟಿಲೇಟರ್ ಮಾಡುವುದು ಶ್ವಾಸಕೋಶಕ್ಕೆ ಗಾಳಿ ತುಂಬುವ ಕೆಲಸವನ್ನು ಮಾತ್ರ. ಉಸಿರಾಟಕ್ಕೆ ಮೆದುಳಿನ ಆಜ್ಞೆ ಬೇಕೇ ಬೇಕು, ಹೃದಯದ ಬಡಿತಕ್ಕೆ ಬೇಡ. ಯಂತ್ರ ಉಸಿರು ಕೊಟ್ಟು, ಔಷಧಿ ಬಿಪಿಯನ್ನು ಹಿಡಿದಿಟ್ಟರೆ, ಆಮ್ಲಜನಕ ಸಿಗುವಷ್ಟು ಕಾಲ ಹೃದಯ ಬಡಿಯುತ್ತದೆ.

ಹಾಗಾದರೆ ಮೆದುಳಿಗೆ ಹೃದಯದ ಮೇಲೆ ಏನು ಹಿಡಿತ? ವೇಗವನ್ನು ಏರಿಸುವುದು, ಇಳಿಸುವುದು. ಮೆದುಳಿನ ಕಾಂಡದ ತಳಭಾಗವಾದ ಮೆಡುಲ್ಲಾದಿಂದ ವೇಗಸ್ ನರ ಹೊರಟು ಹೃದಯಕ್ಕೆ ಬರುತ್ತದೆ. ಅದು ಬ್ರೇಕ್. ಬೆನ್ನುಹುರಿಯ ಮೂಲಕ ಬರುವ ಸಿಂಪಥೆಟಿಕ್ ನರಗಳು ಆಕ್ಸಿಲರೇಟರ್. ಆರೋಗ್ಯವಂತರು ಸುಮ್ಮನೆ ಕೂತಿದ್ದಾಗ ನಾಡಿ 70ರ ಆಸುಪಾಸು ಇರುವುದು ಬ್ರೇಕ್ ಮೇಲೆ ಕಾಲು ಇರುವುದರಿಂದ. ಎರಡನ್ನೂ ಬಿಟ್ಟುಬಿಟ್ಟರೆ ಹೃದಯದ ಸ್ವಂತ ವೇಗ ಎಷ್ಟು? ಇದಕ್ಕೆ ಹಳೆಯದೊಂದು ಸೂತ್ರವಿದೆ: 118.1ರಿಂದ, ವಯಸ್ಸನ್ನು 0.57ರಿಂದ ಗುಣಿಸಿ ಬಂದದ್ದನ್ನು ಕಳೆಯಿರಿ. 31 ವರ್ಷಕ್ಕೆ ಲೆಕ್ಕ ಹಾಕಿದರೆ ಸುಮಾರು 100 ಬರುತ್ತದೆ. ನಿಮ್ಮ ಮೈದುನನ ಮಾನಿಟರ್ ತೋರಿಸಿದ್ದು 100–102. ಬಿಪಿ ಔಷಧಿ ಈ ಅಂಕಿಯನ್ನು ಸ್ವಲ್ಪ ಅತ್ತಿತ್ತ ಮಾಡಬಹುದು, ಹಾಗಾಗಿ ಇದನ್ನು ಕರಾರುವಾಕ್ಕಾದ ಅಳತೆ ಎಂದುಕೊಳ್ಳಬೇಡಿ. ಹೃದಯ ಯಾರ ಹಿಡಿತದಲ್ಲೂ ಇಲ್ಲದೆ ತನ್ನ ಸ್ವಂತ ವೇಗದಲ್ಲಿ ಓಡುತ್ತಿತ್ತು ಎನ್ನುವುದಕ್ಕೆ ಮಾತ್ರ ಅದು ಸರಿಯಾಗಿ ಹೊಂದುತ್ತದೆ.

ಈಗ ಮೊದಲ ದಿನದ ಸಂಜೆ. ತಲೆಬುರುಡೆ ಗಟ್ಟಿ ಪೆಟ್ಟಿಗೆ, ಒಳಗೆ ಊತ ಅಥವಾ ರಕ್ತಸ್ರಾವವಾದರೆ ಹಿಗ್ಗಲು ಜಾಗವಿಲ್ಲ. ಒಳಗಿನ ಒತ್ತಡ ಏರಿದಷ್ಟೂ ಮೆದುಳಿಗೆ ರಕ್ತ ನುಗ್ಗುವುದು ಕಷ್ಟವಾಗುತ್ತದೆ. ರಕ್ತ ಸಾಲದ ಮೆದುಳಿನ ಕಾಂಡ ಬಿಪಿಯನ್ನು ಮೇಲೆ ತಳ್ಳುತ್ತದೆ. ಏರಿದ ಬಿಪಿಯನ್ನು ಕುತ್ತಿಗೆಯ ರಕ್ತನಾಳಗಳಲ್ಲಿರುವ ಸಂವೇದಕಗಳು ಗಮನಿಸುತ್ತವೆ, ವೇಗಸ್ ನರ ನಾಡಿಯನ್ನು ಇಳಿಸುತ್ತದೆ. ಬಿಪಿ 210, ನಾಡಿ 46. ನ್ಯೂರೋಸರ್ಜನ್ ಹಾರ್ವಿ ಕುಶಿಂಗ್ 20ನೇ ಶತಮಾನದ ಆರಂಭದಲ್ಲೇ ಇದನ್ನು ವಿವರಿಸಿದ್ದರಿಂದ ಕುಶಿಂಗ್ ರಿಫ್ಲೆಕ್ಸ್ ಎಂದೇ ಕರೆಯುತ್ತಾರೆ. ಗಮನಿಸಿ, ಈ ಹಂತದಲ್ಲಿ ಅವರು ಬ್ರೇನ್ ಡೆತ್ ಆಗಿರಲಿಲ್ಲ. ಮೆದುಳಿನ ಕಾಂಡ ಇನ್ನೂ ಕೆಲಸ ಮಾಡುತ್ತಿತ್ತು, ಅದಕ್ಕೇ ನಾಡಿ ಇಳಿದದ್ದು. ಮೆದುಳಿನ ಊತ ಇಳಿಸುವ ಮ್ಯಾನಿಟಾಲ್, ಸಾಂದ್ರ ಉಪ್ಪಿನ ದ್ರಾವಣ, ಶಸ್ತ್ರಚಿಕಿತ್ಸೆ ಇವೆಲ್ಲ ಫಲ ಕೊಡುವ ಸಾಧ್ಯತೆ ಇರುವುದು ಇಲ್ಲಿಯವರೆಗೆ. ಈ ಹೊತ್ತಿನಲ್ಲಿ ‘ಬಿಪಿ ಜಾಸ್ತಿ ಇದೆ’ ಎಂದು ಅದನ್ನಷ್ಟೇ ಇಳಿಸಲು ಹೋಗುವುದು ಅಪಾಯ. ಮೆದುಳಿಗೆ ತಲುಪುತ್ತಿರುವ ಅಷ್ಟಿಷ್ಟು ರಕ್ತವೂ ನಿಲ್ಲುತ್ತದೆ.

ರಾತ್ರಿಯ 160 ಅದರ ಮುಂದಿನ ಹಂತ. ಒತ್ತಡ ಇನ್ನೂ ಏರಿ ಮೆಡುಲ್ಲಾಕ್ಕೂ ರಕ್ತ ನಿಂತಿತು. ವೇಗಸ್ ನರದ ಮೂಲವೇ ಅಲ್ಲಿರುವುದರಿಂದ ಬ್ರೇಕ್ ಹೋಯಿತು. ಸಿಂಪಥೆಟಿಕ್ ನರಗಳು ಮಾತ್ರ ತಡೆಯಿಲ್ಲದೆ ಉಳಿದು, ಅಡ್ರಿನಾಲಿನ್, ನಾರ್‌ಅಡ್ರಿನಾಲಿನ್ ಪ್ರವಾಹದ ಹಾಗೆ ಹರಿದವು. ನಾವು ಇದನ್ನು ಸಿಂಪಥೆಟಿಕ್ ಸ್ಟಾರ್ಮ್ ಎನ್ನುತ್ತೇವೆ. ಕೆಲವರಲ್ಲಿ ಕೆಲವೇ ನಿಮಿಷ, ಕೆಲವರಲ್ಲಿ ಗಂಟೆಗಳು. ನಾಡಿ ಓಡುತ್ತದೆ, ನಡುನಡುವೆ ಕೆಳಕೋಣೆಗಳಿಂದ ಅಡ್ಡಬಡಿತಗಳು ಬರುತ್ತವೆ, ಕೆಲವೊಮ್ಮೆ ಅವೇ ಸಾಲುಗಟ್ಟಿ ವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯಾ ಆಗುತ್ತದೆ. ಇಸಿಜಿಯಲ್ಲಿ ಎಸ್‌ಟಿ ಭಾಗ ಏರುತ್ತದೆ ಅಥವಾ ಇಳಿಯುತ್ತದೆ, ಹೃದಯದ ಸ್ನಾಯುವಿಗೆ ಪೆಟ್ಟಾದರೆ ರಕ್ತಕ್ಕೆ ಸೇರುವ ಟ್ರೋಪೋನಿನ್ ಹೆಚ್ಚಾಗುತ್ತದೆ. ನೋಡಿದರೆ ಹಾರ್ಟ್ ಅಟ್ಯಾಕ್ ಅನ್ನಿಸುವಂತೆಯೇ ಇರುತ್ತದೆ. ಆದರೆ ರಕ್ತನಾಳದಲ್ಲಿ ಹೆಪ್ಪು ಕಟ್ಟಿರುವುದಿಲ್ಲ. ಹಾರ್ಮೋನಿನ ಹೊಡೆತಕ್ಕೆ ಹೃದಯದ ಸ್ನಾಯುವಿನೊಳಗೆ ಕ್ಯಾಲ್ಸಿಯಂ ತುಂಬಿ, ಅಲ್ಲಲ್ಲಿ ಸ್ನಾಯುವಿನ ಎಳೆಗಳು ಬಿಗಿದು ಸಾಯುತ್ತವೆ, ಉಳಿದವು ದಣಿದು ಸುಸ್ತಾಗುತ್ತವೆ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ 1980ರ ದಶಕದಲ್ಲಿ ಡಿಮಿಟ್ರಿ ನೊವಿಟ್ಸ್ಕಿ ಮತ್ತು ಸಂಗಡಿಗರು ಬಬೂನ್ ಕೋತಿಗಳಲ್ಲಿ ಈ ಬದಲಾವಣೆಗಳನ್ನು ಹಂತಹಂತವಾಗಿ ದಾಖಲಿಸಿದರು. 1967ರಲ್ಲಿ ಜಗತ್ತಿನ ಮೊದಲ ಮಾನವ ಹೃದಯ ಕಸಿ ನಡೆದ ಊರೂ ಅದೇ. ದಾನಿಯ ಹೃದಯ ಕೆಲವೊಮ್ಮೆ ಏಕೆ ಕೈಕೊಡುತ್ತದೆ ಎಂಬ ಪ್ರಶ್ನೆ ಅವರನ್ನು ಕಾಡಿದ್ದು ಸಹಜ.

ಈ ಬಿರುಸು ಮುಗಿದ ಮೇಲೆ ಮೆದುಳಿನಿಂದ ಬೆನ್ನುಹುರಿಗೆ ಇಳಿಯುವ ಆಜ್ಞೆಯೂ ನಿಲ್ಲುತ್ತದೆ. ಮೈಯೆಲ್ಲದರ ರಕ್ತನಾಳಗಳು ಸಡಿಲವಾಗುತ್ತವೆ, ಬಿಪಿ ಕುಸಿಯುತ್ತದೆ. ಅದು ಬೆಳಗಿನ ಜಾವದ 70. ಇದೇ ಹೊತ್ತಿಗೆ ಪಿಟ್ಯುಟರಿ ಗ್ರಂಥಿಯಿಂದ ಬರುವ, ಮೂತ್ರವನ್ನು ಹಿಡಿದಿಡುವ ಹಾರ್ಮೋನೂ ಬತ್ತಿರುತ್ತದೆ. ಗಂಟೆಗೆ 300 ಮಿ.ಲೀ. ದಾಟಿ ನೀರಿನಂಥ ಮೂತ್ರ ಹೋಗತೊಡಗಿದರೆ ಡಯಾಬಿಟಿಸ್ ಇನ್ಸಿಪಿಡಸ್ ಎಂದು ಅನುಮಾನಿಸುತ್ತೇವೆ. ಹೆಸರಲ್ಲಿ ಡಯಾಬಿಟಿಸ್ ಇದ್ದರೂ ಸಕ್ಕರೆ ಕಾಯಿಲೆಗೂ ಇದಕ್ಕೂ ಸಂಬಂಧವಿಲ್ಲ. ಮೂತ್ರದ ಜೊತೆ ಪೊಟ್ಯಾಸಿಯಂ, ಮೆಗ್ನೀಸಿಯಂ ಕೊಚ್ಚಿಹೋಗುತ್ತವೆ, ರಕ್ತದಲ್ಲಿ ಸೋಡಿಯಂ ಏರುತ್ತದೆ. ಬ್ರೇನ್ ಡೆತ್ ನಂತರ ಮತ್ತೆ ನಾಡಿ ತಪ್ಪಲು ಬಹುಪಾಲು ಕಾರಣ ಇಲ್ಲಿರುತ್ತದೆ. ಮೈಯ ಬಿಸಿಯನ್ನು ಕಾಯುವ ಹೈಪೋಥಲಾಮಸ್ ಕೂಡ ಇಲ್ಲವಾಗಿರುವುದರಿಂದ ದೇಹ ಸುತ್ತಲಿನ ಗಾಳಿಯಷ್ಟೇ ತಣ್ಣಗಾಗಲು ಹೊರಡುತ್ತದೆ. ಐಸಿಯುನ ಏಸಿಯಲ್ಲಿ ಹೊದಿಕೆಯಿಲ್ಲದೆ ಬಿಟ್ಟರೆ 34–33 ಡಿಗ್ರಿ ಸೆಲ್ಸಿಯಸ್‌ಗೆ ಬರಲು ಬಹಳ ಹೊತ್ತು ಬೇಡ. ಆಗ ನಾಡಿ ನಿಧಾನವಾಗುತ್ತದೆ, ಇಸಿಜಿಯಲ್ಲಿ ಜೆ ಅಲೆ ಎಂಬ ಸಣ್ಣ ಉಬ್ಬು ಕಾಣುತ್ತದೆ. 28 ಡಿಗ್ರಿಗಿಂತ ಕೆಳಗೆ ಹೃದಯ ಬರೀ ನಡುಗಿ ನಿಲ್ಲಬಹುದು.

ಅಟ್ರೋಪಿನ್ ಏಕೆ ನಾಟಲಿಲ್ಲ ಎಂಬುದು ಈಗ ಸುಲಭ. ಅಟ್ರೋಪಿನ್ ನೇರವಾಗಿ ನಾಡಿ ಏರಿಸುವ ಔಷಧಿಯಲ್ಲ, ವೇಗಸ್ ನರದ ಬ್ರೇಕನ್ನು ತೆಗೆಯುವ ಔಷಧಿ. ಮೆಡುಲ್ಲಾ ಸತ್ತಿದ್ದರೆ ಬ್ರೇಕ್ ಒತ್ತುವವರೇ ಇಲ್ಲ, ತೆಗೆಯಲು ಏನೂ ಉಳಿದಿಲ್ಲ. 2–3 ಮಿ.ಗ್ರಾಂ, ಅಂದರೆ ನಮ್ಮಲ್ಲಿ ಸಿಗುವ 0.6 ಮಿ.ಗ್ರಾಂನ ನಾಲ್ಕೈದು ಆಂಪೂಲ್ ಕೊಟ್ಟರೂ ನಾಡಿ ಶೇ. 3ರಷ್ಟೂ ಏರುವುದಿಲ್ಲ. ಇದೇ ಕಾರಣಕ್ಕೆ ಉಸಿರಿನ ಜೊತೆ ನಾಡಿ ತುಸು ಏರುವುದು, ಇಳಿಯುವುದೂ ನಿಂತುಹೋಗುತ್ತದೆ. ನೀವು ‘102ರಲ್ಲೇ ನಿಂತುಬಿಟ್ಟಿತು’ ಎಂದು ಗಮನಿಸಿದ್ದು ಅದನ್ನೇ. ಆದರೆ ಒಂದು ಮಾತು: ಅಟ್ರೋಪಿನ್ ಪರೀಕ್ಷೆ ನಮ್ಮ ಕಾನೂನಿನ ಬ್ರೇನ್ ಡೆತ್ ಪರೀಕ್ಷೆಗಳ ಪಟ್ಟಿಯಲ್ಲಿಲ್ಲ. ಬಹುಕಾಲದ ಸಕ್ಕರೆ ಕಾಯಿಲೆಯಿಂದ ನರ ಹಾಳಾದವರಲ್ಲೂ, ಹೃದಯ ಕಸಿ ಆದವರಲ್ಲೂ ಅಟ್ರೋಪಿನ್‌ಗೆ ನಾಡಿ ಸರಿಯಾಗಿ ಏರದೇ ಇರಬಹುದು. ಅದು ಪೂರಕ ಸುಳಿವು, ಅಷ್ಟೇ. ‘ಅಟ್ರೋಪಿನ್ ಕೊಟ್ಟು ನೋಡಿದೆವು, ಏರಲಿಲ್ಲ, ಆದ್ದರಿಂದ ಬ್ರೇನ್ ಡೆತ್’ ಎಂದು ಯಾರಾದರೂ ಹೇಳಿದರೆ ಅದು ಸಾಲದು.

ನಿಮ್ಮನ್ನು ಹೆಚ್ಚು ಕಾಡಿರುವುದು ವೆಂಟಿಲೇಟರಿನ 19 ಎಂದು ನನಗನ್ನಿಸುತ್ತದೆ. ಇದು ನ್ಯಾಯವಾದ ಅನುಮಾನ. ಇಂದಿನ ವೆಂಟಿಲೇಟರ್‌ಗಳು ರೋಗಿ ತಾನಾಗಿ ಉಸಿರೆಳೆಯಲು ಯತ್ನಿಸುತ್ತಿದ್ದಾರೆಯೇ ಎಂದು ಕಾಯುತ್ತಿರುತ್ತವೆ. ಕೊಳವೆಯಲ್ಲಿ ಗಾಳಿಯ ಹರಿವು ನಿಮಿಷಕ್ಕೆ 1–2 ಲೀಟರ್ ಬದಲಾದರೂ ಸಾಕು, ಉಸಿರೆಂದು ತಿಳಿದು ಒಂದು ಉಸಿರು ಕೊಡುತ್ತವೆ. ಎದೆಯೊಳಗೆ ಜೋರಾಗಿ ಬಡಿಯುವ ಹೃದಯ ಪಕ್ಕದ ಶ್ವಾಸಕೋಶವನ್ನು ಅಲುಗಿಸಿ ಅಷ್ಟು ಗಾಳಿಯನ್ನು ಕದಲಿಸಬಲ್ಲದು. ಯಂತ್ರ ಹೃದಯದ ಬಡಿತವನ್ನೇ ಉಸಿರೆಂದು ಎಣಿಸುತ್ತದೆ. ಕೊಳವೆಯಲ್ಲಿ ನೀರು ನಿಂತಿದ್ದರೂ, ಶ್ವಾಸನಾಳದ ಟ್ಯೂಬಿನ ಸುತ್ತ ಉಬ್ಬಿಸಿರುವ ಬಲೂನಿನ (ಕಫ್) ಪಕ್ಕದಲ್ಲಿ ಗಾಳಿ ಸೋರಿದರೂ ಹೀಗಾಗುತ್ತದೆ. ಇದನ್ನು ಆಟೋಟ್ರಿಗರಿಂಗ್ ಎನ್ನುತ್ತಾರೆ. ಯಂತ್ರ ಉಸಿರಿನ ಯತ್ನವನ್ನು ಗುರುತಿಸುವ ಟ್ರಿಗರ್‌ನ ಸೂಕ್ಷ್ಮತೆಯನ್ನು ಕಡಿಮೆ ಮಾಡಿದರೆ 19 ಮತ್ತೆ 14ಕ್ಕೆ ಬರಬೇಕು. ಬಾರದಿದ್ದರೆ ಬ್ರೇನ್ ಡೆತ್ ಎಂಬ ಮಾತನ್ನು ಅಲ್ಲಿಗೇ ನಿಲ್ಲಿಸಿ ಮತ್ತೆ ನೋಡಬೇಕು. ಇದು ಎರಡೂ ಕಡೆ ಕೊಯ್ಯುವ ತಪ್ಪು: ಸತ್ತವರು ಉಸಿರಾಡುತ್ತಿದ್ದಾರೆಂದು ಕುಟುಂಬ ಆಸೆ ಇಟ್ಟುಕೊಳ್ಳುತ್ತದೆ, ಅಥವಾ ನಿಜವಾದ ಉಸಿರನ್ನು ಸಿಬ್ಬಂದಿ ಆಟೋಟ್ರಿಗರ್ ಎಂದು ತಳ್ಳಿಹಾಕುತ್ತಾರೆ. ಪರದೆಯ ಅಂಕಿಯನ್ನು ನಂಬದೆ ಯಂತ್ರವನ್ನೇ ಕಳಚಿ ನೋಡುವ ಆಪ್ನಿಯಾ ಟೆಸ್ಟ್ ಇರುವುದು ಇದಕ್ಕೇ.

ಆ ಪರೀಕ್ಷೆ ಹೀಗೆ ನಡೆಯುತ್ತದೆ. ಹತ್ತು ನಿಮಿಷ ಶೇ. 100 ಆಮ್ಲಜನಕ ಕೊಟ್ಟು, ರಕ್ತದ ಕಾರ್ಬನ್ ಡೈಆಕ್ಸೈಡ್ ಸಹಜ ಮಟ್ಟದಲ್ಲಿದೆ ಎಂದು ಎಬಿಜಿಯಲ್ಲಿ (ಅಪಧಮನಿಯ ರಕ್ತದಲ್ಲಿನ ಅನಿಲಗಳ ಪರೀಕ್ಷೆ) ಖಚಿತ ಮಾಡಿಕೊಂಡು, ವೆಂಟಿಲೇಟರ್ ಕಳಚುತ್ತಾರೆ. ಶ್ವಾಸನಾಳದೊಳಕ್ಕೆ ತೆಳು ಕೊಳವೆಯಲ್ಲಿ ನಿಮಿಷಕ್ಕೆ ಸುಮಾರು 6 ಲೀಟರ್ ಆಮ್ಲಜನಕ ಬಿಟ್ಟು, ಎದೆ ಹೊಟ್ಟೆಗಳ ಮೇಲಿನ ಬಟ್ಟೆ ಸರಿಸಿ 8–10 ನಿಮಿಷ ಕಣ್ಣು ಕೀಲಿಸಿ ನೋಡುತ್ತಾರೆ. ಕಾರ್ಬನ್ ಡೈಆಕ್ಸೈಡ್ ಒತ್ತಡ 60 ಮಿ.ಮೀ. ಪಾದರಸ ದಾಟಿದರೂ, ಅಥವಾ ಮೊದಲಿಗಿಂತ 20 ಏರಿದರೂ ಎದೆ ಅಲುಗದಿದ್ದರೆ ಉಸಿರಾಟದ ಕೇಂದ್ರ ಸತ್ತಿದೆ ಎಂದರ್ಥ. ನಡುವೆ ಬಿಪಿ ಬಿದ್ದರೆ, ನಾಡಿ ತಪ್ಪಿದರೆ ಪರೀಕ್ಷೆ ನಿಲ್ಲಿಸಿ ವೆಂಟಿಲೇಟರ್ ಮತ್ತೆ ಹಾಕಬೇಕು. ಅರ್ಧಕ್ಕೆ ನಿಂತ ಪರೀಕ್ಷೆಯನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಕುಟುಂಬದವರು ಬಯಸಿದರೆ ಇದನ್ನು ನಿಂತು ನೋಡಲು ಬಿಡಬೇಕು ಎನ್ನುವುದು ನನ್ನ ಅಭಿಪ್ರಾಯ. ನೂರು ಮಾತಿಗಿಂತ ಆ ಹತ್ತು ನಿಮಿಷ ಹೆಚ್ಚು ತಿಳಿಸುತ್ತವೆ. ಆದರೆ ಕೈ ಏಳಬಹುದು ಎಂದು ಮೊದಲೇ ಹೇಳದೆ ನಿಲ್ಲಿಸಿದರೆ ಕ್ರೌರ್ಯವಾಗುತ್ತದೆ.

ಕೈ ಎದ್ದದ್ದರ ಬಗ್ಗೆ: ಬೆನ್ನುಹುರಿ ಮೆದುಳಿನ ಕಾಂಡದ ಜೊತೆ ಸಾಯಬೇಕೆಂದಿಲ್ಲ. ಬೆರಳು ಮಿಡಿಯುವುದು, ಪಾದ ಗೀರಿದರೆ ಕಾಲು ಮಡಚಿಕೊಳ್ಳುವುದು, ಎರಡೂ ಕೈ ಎದೆಯ ಕಡೆಗೆ ಬರುವುದು ಬೆನ್ನುಹುರಿಯ ಮಟ್ಟದಲ್ಲೇ ಆಗಬಲ್ಲ ಚಲನೆಗಳು. ಮೈ ಹೊರಳಿಸಿದಾಗ, ಅಂಗ ತೆಗೆಯುವ ಶಸ್ತ್ರಚಿಕಿತ್ಸೆಯಲ್ಲಿ ಚರ್ಮ ಕೊಯ್ದಾಗ ನಾಡಿ, ಬಿಪಿ ಏರುವುದೂ ಬೆನ್ನುಹುರಿ ಮತ್ತು ಅಡ್ರಿನಲ್ ಗ್ರಂಥಿಯ ಪ್ರತಿಕ್ರಿಯೆ. ನೋವಿನ ಅರಿವಿಗೆ ಬೇಕಾದ ಮೆದುಳು ಅಲ್ಲಿಲ್ಲ. ಬ್ರೇನ್ ಡೆತ್‌ಗೆ ವಿರುದ್ಧವಾದ ಚಲನೆಗಳು ಬೇರೆಯೇ ಇವೆ: ಮುಖ ಕಿವುಚುವುದು, ಕಫ ಎಳೆಯುವಾಗ ಕೆಮ್ಮುವುದು, ಬೆಳಕಿಗೆ ಪಾಪೆ ಕಿರಿದಾಗುವುದು, ಫಿಟ್ಸ್ ಬರುವುದು, ನೋವಿಗೆ ಕೈಕಾಲು ಸೆಟೆದುಕೊಳ್ಳುವುದು. ಇವುಗಳಲ್ಲಿ ಒಂದು ಕಂಡರೂ ಮೆದುಳಿನ ಯಾವುದೋ ಭಾಗ ಜೀವಂತವಾಗಿದೆ ಎಂದೇ ಅರ್ಥ.

ಇನ್ನೆರಡು ದಿನ ಕಾದಿದ್ದರೆ? ಪರೀಕ್ಷೆಗಳು ನಿಯಮದಂತೆ ನಡೆದಿದ್ದರೆ ಮೆದುಳು ಮರಳುತ್ತಿರಲಿಲ್ಲ. ಅಂಥ ಸ್ಥಿತಿಯಿಂದ ವಯಸ್ಕರೊಬ್ಬರು ಚೇತರಿಸಿಕೊಂಡ ಒಪ್ಪಿತ ಉದಾಹರಣೆ ವೈದ್ಯಕೀಯ ಸಾಹಿತ್ಯದಲ್ಲಿಲ್ಲ. ‘ಬ್ರೇನ್ ಡೆತ್ ಆದವರು ಎದ್ದು ಕೂತರು’ ಎಂಬ ಸುದ್ದಿಗಳ ಹಿಂದೆ ಸಾಮಾನ್ಯವಾಗಿ ಪೂರ್ತಿ ಪರೀಕ್ಷೆಯೇ ಆಗದ ಕೋಮಾ ಇರುತ್ತದೆ. ಹಾಗೆಂದು ‘ಹೇಗಿದ್ದರೂ ಎರಡು ದಿನದಲ್ಲಿ ಹೃದಯ ನಿಲ್ಲುತ್ತಿತ್ತು’ ಎಂದು ಯಾರಾದರೂ ಹೇಳಿದ್ದರೆ ಅದೂ ಪೂರ್ತಿ ನಿಜವಲ್ಲ. ಹಲವರಲ್ಲಿ ಕೆಲವು ದಿನಗಳಲ್ಲಿ ನಾಡಿ ನಿಧಾನವಾಗುತ್ತಾ ಹೃದಯ ನಿಲ್ಲುತ್ತದೆ. ಆದರೆ ಬಿಪಿ ಹಿಡಿದಿಡುವ ವ್ಯಾಸೊಪ್ರೆಸಿನ್, ನಾರ್‌ಅಡ್ರಿನಾಲಿನ್, ಜೊತೆಗೆ ಉಳಿದ ಹಾರ್ಮೋನು, ಲವಣಗಳನ್ನು ಎಚ್ಚರದಿಂದ ನೋಡಿಕೊಂಡರೆ ವಾರಗಟ್ಟಲೆ ಬಡಿಯಬಹುದು. ಗರ್ಭಿಣಿಯರಲ್ಲಿ ಮಗು ಬೆಳೆಯಲೆಂದು ತಿಂಗಳುಗಟ್ಟಲೆ ಹಾಗೆ ನೋಡಿಕೊಂಡ ಪ್ರಕರಣಗಳಿವೆ. ಹೃದಯ ಎಷ್ಟು ದಿನ ಬಡಿಯಿತು ಎಂಬುದು ಐಸಿಯುನ ಆರೈಕೆಗೆ ಸಂಬಂಧಿಸಿದ್ದು, ಮೆದುಳಿಗಲ್ಲ.

ನಿಮ್ಮ ಮುಂದೆ ಆ ದಿನ ಇದ್ದ ದಾರಿಗಳು ಮೂರು. ದಾನಕ್ಕೆ ಒಪ್ಪುವುದು. ಆಗ ಚಿಕಿತ್ಸೆಯ ಗುರಿ ಅಂಗಗಳನ್ನು ಕಾಯುವುದಾಗುತ್ತದೆ. ಒಪ್ಪಿಗೆಯ ಬಳಿಕ ದೇಹವನ್ನು ನೋಡಿಕೊಳ್ಳುವ, ಅಂಗ ತೆಗೆಯುವ ವೆಚ್ಚ 2014ರ ನಿಯಮಗಳಂತೆ ದಾನಿಯ ಕುಟುಂಬದ ಮೇಲೆ ಬೀಳಬಾರದು. ಎರಡನೆಯದು, ದಾನ ಬೇಡವೆಂದು ವೆಂಟಿಲೇಟರ್ ಮುಂದುವರಿಸುವುದು. ಫಲವಿಲ್ಲ, ಬಿಲ್ ಏರುತ್ತದೆ, ಅಷ್ಟರಲ್ಲಿ ಹೃದಯ ನಿಂತರೆ ಕಿಡ್ನಿ, ಲಿವರ್ ಕೊಡುವ ಅವಕಾಶವೂ ಸಾಮಾನ್ಯವಾಗಿ ಹೋಗುತ್ತದೆ, ಕಣ್ಣು, ಚರ್ಮದಂಥವು ಮಾತ್ರ ಉಳಿಯುತ್ತವೆ. 2021ರಲ್ಲಿ ಕನ್ನಡಿಗರು ಎರಡನ್ನೂ ನೋಡಿದ್ದಾರೆ. ಸಂಚಾರಿ ವಿಜಯ್ ಅವರ ಅಂಗಾಂಗ ದಾನ ಆದದ್ದು ಬ್ರೇನ್ ಡೆತ್ ನಂತರ, ಹೃದಯ ಬಡಿಯುತ್ತಿರುವಾಗ. ಪುನೀತ್ ರಾಜ್‌ಕುಮಾರ್ ಅವರ ಕಣ್ಣು ದಾನವಾದದ್ದು ಹೃದಯ ನಿಂತ ಮೇಲೆ. ಮೂರನೆಯದು, ದಾನವನ್ನೂ ಮಾಡದೆ ಯಂತ್ರವನ್ನೂ ತೆಗೆಯುವುದು. ನಮ್ಮ ದೇಶದಲ್ಲಿ ಮೆದುಳುಕಾಂಡದ ಸಾವಿನ ವ್ಯಾಖ್ಯೆ ಇರುವುದು 1994ರ ಅಂಗಾಂಗ ಕಸಿ ಕಾಯ್ದೆಯಲ್ಲಿ ಮಾತ್ರ. ಹಾಗಾಗಿ ದಾನವಿಲ್ಲದಿದ್ದಾಗ ಯಂತ್ರ ತೆಗೆಯಲು ಹಲವು ಆಸ್ಪತ್ರೆಗಳು ಹಿಂಜರಿಯುತ್ತವೆ. ಕುಟುಂಬ ಎರಡರ ನಡುವೆ ಸಿಕ್ಕಿಬೀಳುವುದು ಇಲ್ಲಿಯೇ, ಮತ್ತು ಇದು ಸರಿಹೋಗಬೇಕಾದ ಲೋಪ.

ಹೃದಯವನ್ನು ಏಕೆ ತೆಗೆದುಕೊಳ್ಳಲಿಲ್ಲ ಎಂಬುದಕ್ಕೆ ಬಹುಶಃ ಆ ರಾತ್ರಿಯ 160ರಲ್ಲೇ ಉತ್ತರವಿದೆ. ಬಿರುಸಿನಲ್ಲಿ ಪೆಟ್ಟು ತಿಂದ ಹೃದಯ ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್) ದುರ್ಬಲವಾಗಿ ಕಂಡಿರಬಹುದು. 12–24 ಗಂಟೆ ಚೆನ್ನಾಗಿ ನೋಡಿಕೊಂಡರೆ ಇಂಥ ಎಷ್ಟೋ ಹೃದಯಗಳು ಸುಧಾರಿಸುತ್ತವೆ. ಅದಕ್ಕೆ ಮತ್ತೆ ಎಕೋ ಮಾಡುವುದು ಒಳ್ಳೆಯ ಪದ್ಧತಿ. ಆದರೆ ಕಾಯುವಾಗ ಬಿಪಿ ಕುಸಿದು ಕಿಡ್ನಿಯೂ ಹಾಳಾಗುವ ಅಪಾಯವಿದೆ. ಬಿರುಸಿನ ಹೊತ್ತಲ್ಲಿ ಎಸ್ಮೊಲಾಲ್‌ನಂಥ ಔಷಧಿಯಿಂದ ನಾಡಿ ತಗ್ಗಿಸಬಹುದು. ಅದರ ಪರಿಣಾಮ ನಿಮಿಷಗಳಲ್ಲಿ ಕಳೆಯುವುದರಿಂದಲೇ ಅದನ್ನು ಆರಿಸುತ್ತಾರೆ. ಹೆಚ್ಚು ಹೊತ್ತು ಉಳಿಯುವ ಔಷಧಿ ಕೊಟ್ಟರೆ, ಹಿಂದೆಯೇ ಬರುವ ಕುಸಿತದಲ್ಲಿ ಬಿಪಿಯನ್ನು ಎತ್ತುವುದು ಕಷ್ಟ. ಥೈರಾಯ್ಡ್ ಹಾರ್ಮೋನ್ ಕೊಟ್ಟರೆ ಹೃದಯ ಉಳಿಯುತ್ತದೆ ಎಂಬ ನಂಬಿಕೆ ಬಹುಕಾಲ ಇತ್ತು. 2023ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗದಲ್ಲಿ ಅದರಿಂದ ಕಸಿಯಾದ ಹೃದಯಗಳ ಸಂಖ್ಯೆ ಹೆಚ್ಚಲಿಲ್ಲ. ಇನ್ನೊಂದು ಸಾಧ್ಯತೆಯೂ ಇದೆ. ತೆಗೆದ ಹೃದಯವನ್ನು ಸುಮಾರು 4 ಗಂಟೆಯೊಳಗೆ ಬೇರೆ ಎದೆಯಲ್ಲಿ ಜೋಡಿಸಬೇಕು. ಹೊಂದುವ ರಕ್ತಗುಂಪಿನ, ಹೊಂದುವ ಮೈಗಾತ್ರದವರು ಆ ದೂರದಲ್ಲಿ ಇರಲಿಲ್ಲವೇನೋ.

ಇನ್ನು ದಾಖಲೆ. ಅತ್ತೆಯವರ ಪ್ರಶ್ನೆಗೆ ನನ್ನ ಮಾತಿಗಿಂತ ಅದು ಗಟ್ಟಿ ಉತ್ತರ. ತಂದೆ, ತಾಯಿ ಅಥವಾ ಹೆಂಡತಿಯ ಹೆಸರಲ್ಲಿ ಆಸ್ಪತ್ರೆಯ ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ ಲಿಖಿತವಾಗಿ ಅರ್ಜಿ ಕೊಡಿ. ಕೇಳಿದ 72 ಗಂಟೆಯೊಳಗೆ ವೈದ್ಯಕೀಯ ದಾಖಲೆ ಕೊಡಬೇಕೆಂಬ ನಿಯಮವಿದೆ. ಮುಖ್ಯವಾಗಿ ಬೇಕಾದದ್ದು ಫಾರ್ಮ್ 10, ಅಂದರೆ ಮೆದುಳುಕಾಂಡದ ಸಾವಿನ ಪ್ರಮಾಣಪತ್ರ. ಅದರಲ್ಲಿ ನಾಲ್ವರು ವೈದ್ಯರ ಸಹಿ ಇರಬೇಕು, ಅವರಲ್ಲಿ ಯಾರೂ ಕಸಿ ತಂಡದವರಾಗಿರಬಾರದು. ಎರಡು ಪರೀಕ್ಷೆಗಳ ನಡುವೆ ಕನಿಷ್ಠ 6 ಗಂಟೆ ಅಂತರವಿರಬೇಕು. ಜೊತೆಗೆ ಎರಡೂ ಆಪ್ನಿಯಾ ಟೆಸ್ಟ್‌ಗಳ ಎಬಿಜಿ ಚೀಟಿ ಕೇಳಿ, ಮೊದಲಿನ ಮತ್ತು ಕೊನೆಯ ಕಾರ್ಬನ್ ಡೈಆಕ್ಸೈಡ್ ಅಂಕಿ ನೋಡಿ. ನರ್ಸಿಂಗ್ ಚಾರ್ಟ್‌ನಲ್ಲಿ ಪರೀಕ್ಷೆಯ ಹೊತ್ತಿನ ಮೈ ಬಿಸಿ, ಬಿಪಿ, ಸೋಡಿಯಂ, ಮತ್ತು ಮಂಪರು ತರುವ ಮಿಡಾಜೊಲಾಮ್, ನೋವು ಕಡಿಮೆ ಮಾಡುವ ಫೆಂಟನಿಲ್, ಸ್ನಾಯು ಸಡಿಲಿಸುವ ಔಷಧಿಗಳನ್ನು ಕೊನೆಯ ಸಲ ಕೊಟ್ಟ ಸಮಯ ಸಿಗುತ್ತದೆ. ಮೈ ತಣ್ಣಗಿದ್ದರೆ ಅಥವಾ ಈ ಔಷಧಿಗಳ ಪ್ರಭಾವ ಉಳಿದಿದ್ದರೆ ಪರೀಕ್ಷೆ ಸುಳ್ಳು ಹೇಳಬಹುದು. ಅದಕ್ಕೇ ಇವನ್ನು ನೋಡಬೇಕು. ಕಾಗದಗಳನ್ನು ಆ ಆಸ್ಪತ್ರೆಗೆ ಸಂಬಂಧವಿಲ್ಲದ ನರರೋಗ ತಜ್ಞರು ಅಥವಾ ಐಸಿಯು ವೈದ್ಯರ ಮುಂದಿಟ್ಟರೆ ಅರ್ಧ ಗಂಟೆಯಲ್ಲಿ ಓದಿ ಹೇಳುತ್ತಾರೆ. ಯಾವುದಾದರೂ ಭಾಗ ಖಾಲಿಯಿದ್ದರೆ ಆಸ್ಪತ್ರೆಯ ಕಸಿ ಸಂಯೋಜಕರನ್ನೂ, ರಾಜ್ಯದಲ್ಲಿ ಅಂಗಾಂಗ ಹಂಚಿಕೆಯ ಹೊಣೆ ಹೊತ್ತಿರುವ ‘ಜೀವಸಾರ್ಥಕತೆ’ಯನ್ನೂ ಬರೆದು ಕೇಳಿ. ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಪ್ರಶ್ನೆ ಅವರದ್ದು, ಉತ್ತರವನ್ನು ಅವರೇ ಕೇಳಿಸಿಕೊಳ್ಳಲಿ.